ಹಿಮ್ಮಡಿ ನೋಡಲು ಇಂಗ್ಲೆಂಡಿಗೆ

ನಾನು ಇಂಗ್ಲೆಂಡಿಗೆ ಹೋಗಿ ಬಂದ ಸುದ್ದಿ ಹಬ್ಬಿದ ಮೇಲೆ ಕೊಪ್ಪ ಬಸ್‌ಸ್ಟ್ಯಾಂಡಿನ ಕಟ್ಟೆಯ ಗೆಳೆಯರು ಬಿಡದೆ ಕೇಳಿದರು: ಅರಮನೆ ನೋಡಿದ್ಯಾ, ಆ ದೊಡ್ಡ ಗಡಿಯಾರ ನೋಡಿದ್ಯಾ, ಹಿಮ ಬೀಳೂದು ನೋಡಿದ್ಯಾ? ಯಾವುದನ್ನೂ ನೋಡಲಿಲ್ಲ. ನಾನು ಅಲ್ಲಿ ಮುಖ್ಯವಾಗಿ ನೋಡಿದ್ದು ಹಿಮ್ಮಡಿಗಳನ್ನು. ಒಟ್ಟು ಹನ್ನೊಂದು ಜನರದ್ದು, ಹೆಚ್ಚಿನವರು ಎಂಬತ್ತು ದಾಟಿದವರು.

ಇದಕ್ಕೆ ಕಾರಣವಿದೆ. ನಾನು ಪಶು ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನು. ಡಾಕ್ಟರಲ್ಲ, ಪಶು ಪರೀಕ್ಷಕ. ಆದರೆ ನರಸಿಂಹರಾಜಪುರದ ಸುತ್ತಮುತ್ತ ದನಕ್ಕೆ ಸೂಜಿ ಚುಚ್ಚಿದವರೆಲ್ಲ ಡಾಕ್ಟ್ರೇ. ಕೊಟ್ಟಿಗೆಗೆ ಹೋದರೆ ಯಜಮಾನನ ಮಾತು ಕೇಳಬೇಡ ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳಿಕೊಟ್ಟಿದ್ದರು. ಯಜಮಾನ ಯಾವಾಗಲೂ ‘ನಿನ್ನೆ ತನಕ ಚೆನ್ನಾಗಿತ್ತು’ ಎನ್ನುತ್ತಾನೆ. ನೋಡಬೇಕಾದದ್ದು ನಾಲ್ಕು. ನೀರು ಬಾಯಿಗೆ ಎಟುಕುವಂತಿದೆಯೇ, ಸಗಣಿ ಯಾವಾಗ ತೆಗೆದದ್ದು, ನೆಲಕ್ಕೆ ತಾಗುವ ಕಡೆ ಚರ್ಮ ಹೇಗಿದೆ, ಕೊನೆಯದಾಗಿ, ಮೇವು ಹಾಕುವವರು ಬಂದಾಗ ಹಸುವಿನ ಕಿವಿ ಆ ಕಡೆ ತಿರುಗುತ್ತದೆಯೇ. ಈ ನಾಲ್ಕರಿಂದ ಕೊಟ್ಟಿಗೆಯ ಯೋಗ್ಯತೆ ತಿಳಿಯುತ್ತದೆ. ಮನುಷ್ಯರನ್ನು ಇಟ್ಟ ಕಡೆಗೂ ಇದೇ ಸಾಕು ಎಂದು ನಾನು ನಂಬಿದ್ದೆ; ಮಲಗಿದಲ್ಲೇ ಇರುವವರ ಚರ್ಮ ಬೇಗ ಹುಣ್ಣಾಗುವುದು ಹಿಮ್ಮಡಿಯಲ್ಲಿ.

ನನ್ನ ಅಕ್ಕ ಗಿರಿಜಕ್ಕನಿಗೆ ಎಪ್ಪತ್ತಾರು ವರ್ಷ, ನನಗಿಂತ ಹತ್ತು ವರ್ಷ ದೊಡ್ಡವಳು. ನರ್ಸಾಗಿ ಇಂಗ್ಲೆಂಡಿಗೆ ಹೋದವಳು ಅಲ್ಲಿಯೇ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ ‘ಡ್ಯೂಟಿ ಇತ್ತು’ ಎನ್ನುತ್ತಿದ್ದಳು. ಈಚೆಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆದ ಮೇಲೆ ಅವಳನ್ನು ಒಂದು ನರ್ಸಿಂಗ್ ಹೋಮಿಗೆ ಕಳಿಸಿದರು. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆ ಮತ್ತು ಅಪೆಂಡಿಕ್ಸ್. ಅಲ್ಲಿ ಹಾಗೆಂದರೆ ಕೈಲಾಗದ ಮುದುಕರು ಇರುವ ಮನೆ. ಅದರ ಮ್ಯಾನೇಜರ್ ಲಿಂಡಾ ಎಂಬಾಕೆ ನನಗೆ ಫೋನ್ ಮಾಡಿ, ಅಕ್ಕನನ್ನು ಅಲ್ಲೇ ಕಾಯಂ ಇಟ್ಟುಕೊಳ್ಳುವುದೋ ಊರಿಗೆ ಕರೆದುಕೊಂಡು ಹೋಗುತ್ತೀರೋ, ಅಕ್ಕ ತಮ್ಮ ಮಾತಾಡಿಕೊಂಡು ತಿಂಗಳ ಕೊನೆಯೊಳಗೆ ಹೇಳಿ ಎಂದರು. ಅಕ್ಕನಿಗೆ ಫೋನ್ ಮಾಡಿದರೆ ‘ಒಂದ್ಸಲ ಬಂದು ನೋಡು ಚಂದ್ರು’ ಎಂದಷ್ಟೇ ಹೇಳಿದಳು.

ನಮ್ಮ ಮನೆಗೇ ಕರೆತರುವ ಹಾಗಿರಲಿಲ್ಲ. ಕೊಪ್ಪ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮನೆ ಅದು. ಇಪ್ಪತ್ತೆರಡು ಕಡಿದಾದ ಮೆಟ್ಟಿಲು. ನನ್ನ ಹೆಂಡತಿ ಸುಮಿತ್ರಾ ಅವನ್ನು ಕಾಲಿನಿಂದಲ್ಲ, ಬಾಯಿಂದ ಹತ್ತುತ್ತಾಳೆ. ಒಂದೊಂದಕ್ಕೂ ಒಂದೊಂದು ದೇವರ ಹೆಸರು. ಹಾಗಾಗಿ ಕರೆತಂದರೂ ನಮ್ಮ ಕಡೆಯ ಯಾವುದಾದರೂ ಹೋಮಿಗೇ ಸೇರಿಸಬೇಕು. ಹೋಲಿಸಿ ನೋಡೋಣ ಎಂದು ನೋಟ್‌ಬುಕ್ ಒಂದನ್ನು ಕೊಂಡೆ.

ಕೊಪ್ಪ

ಕೊಪ್ಪದ್ದು ಹೊಸ ಕಟ್ಟಡ. ಹೆಸರು ಬೇಡ; ಮಾಲೀಕರು ಈಗಲೂ ಸಿಕ್ಕಾಗ ಕೈ ಮುಗಿಯುತ್ತಾರೆ. ನೆಲದ ಟೈಲ್ಸಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು. ಅಷ್ಟು ಜಾರುವ ನೆಲದಲ್ಲಿ ಎಮ್ಮೆಯನ್ನೂ ಕಟ್ಟಬಾರದು ಎಂಬುದು ನನ್ನ ಅಭಿಪ್ರಾಯ, ಹೇಳಲಿಲ್ಲ. ಬಾಗಿಲ ಹತ್ತಿರ ದೊಡ್ಡ ಗಾಜಿನ ತೊಟ್ಟಿ, ಅದರಲ್ಲಿ ಕೆಂಪು ಮೀನು, ಮೀನಿಗೆ ಗುಳ್ಳೆ ಗುಳ್ಳೆ ಗಾಳಿ.

ಒಳಗೆ ಕುಡಿಯುವ ನೀರಿನ ಬಾಟಲಿಗಳನ್ನು ಬೀರುವಿನ ನೆತ್ತಿಯ ಮೇಲೆ ಸಾಲಾಗಿ ಇಟ್ಟಿದ್ದರು. ಯಾಕೆ ಎಂದು ಕೇಳಿದೆ.

“ಕೈಗೆ ಸಿಕ್ರೆ ಕುಡೀತಾರೆ ಸಾರ್. ಕುಡಿದ್ರೆ ಹಾಸಿಗೆ ಒದ್ದೆ ಮಾಡ್ತಾರೆ” ಎಂದರು ಮಾಲೀಕರು.

ಮೀನಿಗೆ ನೀರು ಬೇಕಾದಷ್ಟಿತ್ತು.

ಅಕ್ಕನ ಕೊರಳಲ್ಲಿ ಬೆಳ್ಳಿ ಕರಡಿಗೆ ಇರುತ್ತದೆ, ಒಳಗೆ ಲಿಂಗ. ಅದನ್ನು ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ ಎಂದೆ. ಬೆಳ್ಳಿ ಬಂಗಾರವನ್ನೆಲ್ಲ ಮನೆಯಲ್ಲೇ ಇಟ್ಟು ಬರಬೇಕು ಎಂದರು. ಹೊರಡುವಾಗ ಚಪ್ಪಲಿ ಹಾಕುತ್ತಿದ್ದ ನನ್ನನ್ನು ನಿಲ್ಲಿಸಿ, “ಅಂದ ಹಾಗೆ, ಜೊತೆಗೆ ಯಾರಿರ್ತಾರೆ ಸಾರ್?” ಎಂದು ಕೇಳಿದರು.

ಆಸ್ಪತ್ರೆಯಾಗಲಿ, ಮುದುಕರ ಮನೆಯಾಗಲಿ, ನಮ್ಮ ಕಡೆ ಒಬ್ಬ ರೋಗಿ ಎಂದರೆ ಇಬ್ಬರು ಜನ. ಮಂಚದ ಮೇಲೆ ಒಬ್ಬರು, ಮಂಚದ ಪಕ್ಕ ಚಾಪೆಯ ಮೇಲೆ ಒಬ್ಬರು. ಮೇಲಿನವರಿಗೆ ಕೇಸ್‌ಶೀಟ್ ಇರುತ್ತದೆ, ಕೆಳಗಿನವರಿಗೆ ಫ್ಲಾಸ್ಕ್. ನೋಡಿ ಹೇಳ್ತೀನಿ ಎಂದು ಹೇಳಿ ಬಂದೆ.

ಶೃಂಗೇರಿ

ಶೃಂಗೇರಿಯಲ್ಲಿ ನೋಡಿದ್ದು ಹೊಳೆಗೆ ಹತ್ತಿರದ ಮನೆ. ಮೊದಲು ಯಾತ್ರಿಕರ ಲಾಡ್ಜ್ ಆಗಿತ್ತಂತೆ. ಕೋಣೆಗಳಿಗೆ ಇನ್ನೂ ನಂಬರುಗಳಿದ್ದವು. ‘ಬೆಳಿಗ್ಗೆ ಎಂಟು ಗಂಟೆಗೆ ಕೋಣೆ ಖಾಲಿ ಮಾಡತಕ್ಕದ್ದು’ ಎಂಬ ಬೋರ್ಡನ್ನು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಅದರ ಕೆಳಗೆ ತೊಂಬತ್ತು ದಾಟಿದ ಒಬ್ಬರು ಕಾಲು ಚಾಚಿ ಕುಳಿತಿದ್ದರು.

ನೀರು ಕೈಗೆಟುಕುವಂತಿತ್ತು. ಶೌಚಾಲಯ ಶುದ್ಧ. ಊಟದ ಸಾರಿಗೆ ನಾನು ಎರಡನೆಯ ಸಲ ಬಡಿಸಿಕೊಂಡೆ. ಹಿಮ್ಮಡಿಗಳಲ್ಲಿ ಒಂದೆರಡು ಬಿರುಕಿದ್ದದ್ದು ಬಿಟ್ಟರೆ ಹುಣ್ಣಿಲ್ಲ. ಇದೇ ಆದೀತು ಎಂದು ಬರೆಯುತ್ತಿದ್ದಾಗ ಆಯಾ ಬಾಗಿಲಲ್ಲಿ ಕಾಣಿಸಿಕೊಂಡಳು. ಅಲ್ಲಿಯ ತನಕ ನನ್ನ ಜೊತೆ ಹರಟುತ್ತಿದ್ದ ಮೂವರೂ ಕಣ್ಣು ಮುಚ್ಚಿ ನಿದ್ದೆ ಹೋದರು. ಒಬ್ಬರು ಅರ್ಧ ವಾಕ್ಯದಲ್ಲೇ. ಆಯಾ ಆಚೆ ಹೋದ ಮೇಲೆ ಕಣ್ಣು ತೆರೆದು ಉಳಿದರ್ಧ ಮುಗಿಸಿದರು.

ಇಲ್ಲಿಯೂ ಬಾಗಿಲಲ್ಲಿ ಅದೇ ಪ್ರಶ್ನೆ, ನನ್ನದೂ ಅದೇ ಉತ್ತರ.

ನರಸಿಂಹರಾಜಪುರ

ಇಲ್ಲಿಯ ಎಂಟು ಮಂಚದ ಮನೆಯನ್ನು ನಡೆಸುವ ಫಾತಿಮಾ ಸಿಸ್ಟರ್ ನನಗೆ ಹಳೆಯ ಪರಿಚಯ. ಅವರ ಆಡಿಗೆ ಹೊಟ್ಟೆಯುಬ್ಬರ ಬಂದಾಗ ಹೋಗಿ ಉಳಿಸಿಕೊಟ್ಟಿದ್ದೆ. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಅವರು ತಮ್ಮ ತಂದೆಯ ಹಳೆಯ ಅಡಿಕೆ ಮಂಡಿಯನ್ನು ಹೋಮ್ ಮಾಡಿದ್ದಾರೆ. ಗೋಡೆಯ ಗಾರೆ ಕೆಲವು ಕಡೆ ಉದುರಿದೆ. ಫ್ಯಾನು ತಿರುಗುವಾಗ ಪ್ರತಿ ಸುತ್ತಿಗೂ ಒಂದು ಮಾತು ಹೇಳುತ್ತದೆ. ಎಂಟು ಮಂಚಕ್ಕೆ ಎರಡೇ ಬಚ್ಚಲು. ಒಂದು ಮಂಚ ಖಾಲಿಯಿತ್ತು.

ನಾವು ಒಳಗೆ ಹೋದ ಕೂಡಲೇ ಮೂಲೆಯ ಮಂಚದ ಅಜ್ಜಿ ಶುರು ಮಾಡಿದರು.

“ಎಲ್ಲಿ ಹಾಳಾಗಿ ಹೋಗಿದ್ಯೇ? ನನ್ ಎಲೆಡಿಕೆ ಕುಟ್ಟಿ ಕೊಡ್ತೀನಿ ಅಂದು ಎಷ್ಟೊತ್ತಾಯ್ತು? ನಾ ಸತ್ ಮೇಲೆ ಕುಟ್ತೀಯಾ?”

“ಬಂದೆ ಮಾರಾಯ್ತಿ. ಬೈಯೋಕೆ ಶಕ್ತಿ ಇದ್ಯಲ್ಲ, ಇನ್ನೂ ಸಾಯಲ್ಲ ನೀನು” ಎಂದರು ಫಾತಿಮಾ ಸಿಸ್ಟರ್.

ಅಷ್ಟರಲ್ಲಿ ಉಳಿದ ಆರು ಮಂಚದವರೂ ಈ ಕಡೆ ತಿರುಗಿ ತಮ್ಮ ತಮ್ಮ ದೂರು ಸಿದ್ಧ ಮಾಡಿಕೊಂಡಿದ್ದರು. ನಾನು ನೋಟ್‌ಬುಕ್ಕಿನಲ್ಲಿ ‘ಕಿವಿ: ಏಳಕ್ಕೆ ಏಳು’ ಎಂದು ಬರೆದೆ.

ಆದರೆ ಫಾತಿಮಾ ಸಿಸ್ಟರ್ ಮಾತು ಖಡಾಖಂಡಿತ. “ನಾವು ಕೆಲಸಕ್ಕೆ ಇರೂದೇ ಇಬ್ರು ಡಾಕ್ಟ್ರೇ. ಸೊಂಟ ಮುರಿದೋರು ಅಂದ್ರೆ ಮೊದ್ಲ ಒಂದು ತಿಂಗ್ಳು ಮನೆಯೋರು ಒಬ್ರು ಜೊತೆಗೆ ಇರ್ಲೇಬೇಕು. ಆಮೇಲೆ ನೋಡಾಣ. ಯಾರಿರ್ತಾರೆ?”

ನೋಡಿ ಹೇಳ್ತೀನಿ ಎಂದೆ. ಮನೆಗೆ ಬಂದು ಹೇಳಿದಾಗ ಸುಮಿತ್ರಾ, “ನೋಡೂದು ಎಂತ ಅದ್ರಲ್ಲಿ? ‘ನಾನೇ ಇರ್ತೀನಿ’ ಅಂತ ನೀವು ಹೇಳಿ ಬರೂದಲ್ವಾ?” ಎಂದಳು. ನನಗೆ ಅರವತ್ತಾರು ವರ್ಷ, ಸಕ್ಕರೆ ಕಾಯಿಲೆ, ಮಧ್ಯಾಹ್ನ ನನ್ನದೇ ಹಾಸಿಗೆಯಲ್ಲಿ ಒಂದು ನಿದ್ದೆ, ಸಂಜೆ ಬಸ್‌ಸ್ಟ್ಯಾಂಡಿನ ಕಟ್ಟೆ. ಇವನ್ನೆಲ್ಲ ಅವಳಿಗೆ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ‘ಜೊತೆಗೆ’ ಎಂದು ಬರೆದು ಮುಂದೆ ಖಾಲಿ ಬಿಟ್ಟೆ.

ಅಲ್ಲಿ, ಮೊದಲ ದಿನ

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದ. ನರ್ಸಿಂಗ್ ಹೋಮ್ ನೋಡಲು ಎಂದೆ. ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನಿಮಗೋ ಎಂದು ಕೇಳಿದ. ಔಷಧಿ ಬಾಟಲಿಯ ಮೇಲಿನ ಇಂಗ್ಲಿಷ್ ನನಗೆ ಚೆನ್ನಾಗಿ ಬರುತ್ತದೆ. ಮಾತಿನ ಇಂಗ್ಲಿಷ್ ಸ್ವಲ್ಪ ನಿಧಾನ. ಅಕ್ಕನಿಗೆ ಎಂದು ವಿವರಿಸುವಷ್ಟರಲ್ಲಿ ನನ್ನ ಹಿಂದಿನ ಸಾಲು ಬೇರೆ ಕಿಟಕಿಗೆ ಹೋಗಿತ್ತು.

ಅದು ಉತ್ತರ ಇಂಗ್ಲೆಂಡಿನ ಸಣ್ಣ ಪಟ್ಟಣ. ಅಕ್ಕನ ಫ್ಲ್ಯಾಟಿನಲ್ಲಿ ಸಾಮಾನೆಲ್ಲ ಪೆಟ್ಟಿಗೆಗೆ ತುಂಬಿತ್ತು. ನಾನು ಅಲ್ಲಿ ಉಳಿದು ದಿನವೂ ಹೋಮಿಗೆ ನಡೆದು ಹೋಗುತ್ತಿದ್ದೆ. ಬಾಗಿಲಲ್ಲಿ ಪುಸ್ತಕವೊಂದಿದೆ. ಬಂದ ಹೊತ್ತು ಬರೆಯಬೇಕು, ಹೋಗುವಾಗ ಹೋದ ಹೊತ್ತು ಬರೆಯಬೇಕು. ಮೊದಲ ದಿನ ಹಿಂದಿನ ಪುಟ ತಿರುಗಿಸಿ ನೋಡಿದೆ. ಹೆಚ್ಚಿನವರು ಇಪ್ಪತ್ತು ನಿಮಿಷದೊಳಗೆ ಬಂದು ಹೋಗಿದ್ದರು. ಯಾರೂ ಕೋಟು ತೆಗೆಯುವುದಿಲ್ಲ. ಬಂದವರು ಹೂವಿನ ಗೊಂಚಲು ಕೊಟ್ಟು, ಹವಾಮಾನ ಹೇಳಿ, ಕೋಟಿನಲ್ಲೇ ಹೊರಡುತ್ತಾರೆ.

ಅಕ್ಕ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದಳು. ಸಣ್ಣವಳಾಗಿದ್ದಳು. ನನ್ನನ್ನು ನೋಡಿ ಅವಳು ಮೊದಲು ಹೇಳಿದ್ದು, “ಕೈ ತೊಳ್ಕೊಂಡು ಬಾ.” ತೊಳೆದು ಬಂದ ಮೇಲೆ ಎರಡೂ ಕೈ ಹಿಡಿದುಕೊಂಡಳು, ತುಂಬ ಹೊತ್ತು ಬಿಡಲಿಲ್ಲ. ನಾನು ನೀರಿನ ಜಗ್ಗು ಅವಳ ಕೈಯಿಂದ ಎಷ್ಟು ದೂರವಿದೆ ಎಂದು ನೋಡಿದೆ. ಒಂದು ಗೇಣು.

ನಾನು ಅಪ್ಪೆಮಿಡಿಯ ಉಪ್ಪಿನಕಾಯಿ ಒಯ್ದಿದ್ದೆ. ಅದನ್ನು ಅಡುಗೆ ಮನೆಯವರು ವಶಕ್ಕೆ ಪಡೆದು ಅದರಲ್ಲಿ ಏನೇನಿದೆ ಎಂದು ಬರೆದುಕೊಡಲು ಹೇಳಿದರು. ಮಾವಿನ ಮಿಡಿ, ಉಪ್ಪು, ಮೆಣಸು, ಸಾಸಿವೆ ಎಂದು ಬರೆದೆ. ಸಾಸಿವೆ ಎಂಬಲ್ಲಿ ಎಲ್ಲರ ಮುಖ ಗಂಭೀರವಾಯಿತು. ಸಾಸಿವೆ ಕೆಲವರ ಮೈಗೆ ಆಗುವುದಿಲ್ಲವಂತೆ. ಭರಣಿಗೆ ಹಳದಿ ಚೀಟಿ ಅಂಟಿಸಿ, ತಾರೀಕು ಬರೆದು, ಫ್ರಿಜ್ಜಿನಲ್ಲಿ ಬೇರೆ ಖಾನೆಯಲ್ಲಿ ಇಟ್ಟರು. ಊಟಕ್ಕೊಂದು ಮಿಡಿ ಸಹಿ ಮಾಡಿಸಿಕೊಂಡು ಬರುತ್ತಿತ್ತು. ಬೇಯಿಸಿದ ಆಲೂಗಡ್ಡೆಯ ಪಕ್ಕದಲ್ಲಿ ಆ ಮಿಡಿಯನ್ನು ನೋಡಿದರೆ ನನಗೆ ಪಾಪ ಅನ್ನಿಸುತ್ತಿತ್ತು.

ಎರಡನೆಯ ದಿನ, ಮಧ್ಯಾಹ್ನ

ಅಕ್ಕನನ್ನು ಹೆಚ್ಚಾಗಿ ನೋಡಿಕೊಳ್ಳುವವಳು ಗ್ರೇಸ್, ಜಿಂಬಾಬ್ವೆಯವಳು, ನಲವತ್ತರ ಹೆಂಗಸು. ಯಾವ ಕೋಣೆಯಾದರೂ ಬಾಗಿಲು ತಟ್ಟಿ, ಒಳಗಿನವರು ಬನ್ನಿ ಎನ್ನುವ ತನಕ ಹೊರಗೇ ನಿಲ್ಲುತ್ತಾಳೆ. ಕಿವಿ ಕೇಳದವರ ಬಾಗಿಲಲ್ಲೂ ತಟ್ಟಿ ನಿಲ್ಲುತ್ತಾಳೆ. ಅಕ್ಕನ ಕೋಣೆಗೆ ಮಾತ್ರ ಬೇರೆ ಕ್ರಮ. ತಟ್ಟಿದ ಮೇಲೆ, “ಎಂತ ಮಾರಾಯ್ತಿ?” ಎನ್ನುತ್ತಾಳೆ. ಅಕ್ಕ ಕಲಿಸಿದ್ದು. ನನಗೆ ಹೆಚ್ಚು ಕಾಣಿಸಿದ್ದು ಬೇರೆಯದು. ಗ್ರೇಸ್ ತಟ್ಟುವ ಮೊದಲೇ, ಅವಳ ಹೆಜ್ಜೆ ಕಾರಿಡಾರಿನ ಆ ತುದಿಯಲ್ಲಿರುವಾಗಲೇ ಅಕ್ಕನ ತಲೆ ಬಾಗಿಲಿಗೆ ತಿರುಗುತ್ತಿತ್ತು. ಬರೆದುಕೊಂಡೆ.

ಊಟವಾದ ಮೇಲೆ ಗ್ರೇಸ್ ಅಕ್ಕನನ್ನು ಮಂಚದಲ್ಲಿ ಮಲಗಿಸಿ, ಮಂಚದ ಪಕ್ಕ ನೆಲದಲ್ಲಿ ನೀಲಿ ಬಣ್ಣದ ಚಾಪೆಯೊಂದನ್ನು ಬಿಡಿಸಿ, ಗೋಡೆಯಲ್ಲೇನೋ ಒತ್ತಿ ಹೋದಳು. ಅಕ್ಕ ನಿದ್ದೆ ಹೋದಳು. ನಾನು ಇನ್ನೊಂದು ಬದಿಯ ಕುರ್ಚಿಯಲ್ಲಿ ಕುಳಿತು ಆ ಚಾಪೆಯನ್ನು ನೋಡುತ್ತಾ ಇದ್ದೆ. ನಮ್ಮಲ್ಲಿ ಜೊತೆಗಿರುವವರು ಚಾಪೆಯನ್ನು ಮನೆಯಿಂದ ಹೊರಬೇಕು. ಇಲ್ಲಿ ಅವರೇ ಕೊಟ್ಟು, ಹಾಸಿಯೂ ಕೊಡುತ್ತಾರೆ. ಮುಂದುವರಿದ ದೇಶ ಎಂದು ಸುಮ್ಮನೆ ಹೇಳುವುದಿಲ್ಲ. ಉದ್ದ ಮಾತ್ರ ಕಡಿಮೆ. ಇವರು ಕಾಲು ಮಡಚಿ ಮಲಗುತ್ತಾರೆ ಎಂದುಕೊಂಡೆ. ಸರಿಯಾಗಿ ನನ್ನ ನಿದ್ದೆಯ ಹೊತ್ತು. ಶಾಲನ್ನು ದಿಂಬು ಮಾಡಿಕೊಂಡು, ಕಾಲು ಮಡಚಿ ಮಲಗಿದೆ.

ಎಲ್ಲಿಯೋ ಗಂಟೆ ಬಾರಿಸತೊಡಗಿತು. ನಮ್ಮ ಕಡೆ ಗಂಟೆ ಬಾರಿಸಿದರೆ ಯಾರೂ ಏಳುವುದಿಲ್ಲ, ಹಾಗಾಗಿ ನಾನೂ ಏಳಲಿಲ್ಲ. ಬಾಗಿಲು ದಡಾರನೆ ತೆರೆದು ನಾಲ್ಕು ಜನ ನುಗ್ಗಿದರು. ಮೊದಲ ಸಲ ಬಾಗಿಲು ತಟ್ಟದೆ. ಒಬ್ಬಳು ಮೊಣಕಾಲೂರಿ ನನ್ನ ಕತ್ತು ಹಿಡಿದು ಅಲ್ಲಾಡಬೇಡಿ ಎಂದಳು. ಇನ್ನೊಬ್ಬಳು ಬಿ.ಪಿ. ಪಟ್ಟಿ ಸುತ್ತಿದಳು. ಕಣ್ಣಿಗೆ ಟಾರ್ಚು ಬಿಟ್ಟರು. ಇವತ್ತು ಯಾವ ವಾರ ಎಂದು ಕೇಳಿದರು. ವಿಮಾನದ ಪ್ರಯಾಣದಲ್ಲಿ ದಿನದ ಲೆಕ್ಕ ತಪ್ಪಿತ್ತು, ಗುರುವಾರ ಎಂದೆ. ಬುಧವಾರವಾಗಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬರೆದುಕೊಂಡರು.

ಮಂಚದಿಂದ ಯಾರಾದರೂ ಒಬ್ಬರೇ ಇಳಿದು ಕಾಲಿಟ್ಟರೆ, ಬೀಳುವ ಮೊದಲೇ ಗಂಟೆ ಬಾರಿಸಿ ತಿಳಿಸಲಿ ಎಂದು ಹಾಸುವ ಚಾಪೆಯಂತೆ ಅದು. ಮಲಗಲಿಕ್ಕಲ್ಲ. ಲಿಂಡಾ ಬಂದು ಬಿದ್ದವರ ಫಾರಂ ತುಂಬಿಸಿದರು. ನಾನು ಬೀಳಲಿಲ್ಲ ಎಂದೆ. ನೆಲದ ಮೇಲೆ ಸಿಕ್ಕಿದವರೆಲ್ಲ ಬಿದ್ದವರೇ, ನಿಯಮ ಹಾಗಿದೆ ಎಂದರು. ಯಾಕೆ ನೆಲದಲ್ಲಿದ್ದಿರಿ ಎಂಬ ಕಾಲಂಗೆ ನಾನು, ಅಕ್ಕನ ಜೊತೆಗೆ ಎಂದೆ. ಅದನ್ನು ಹೇಗೆ ಬರೆಯುವುದೆಂದು ಅವರಿಗೆ ತಿಳಿಯಲಿಲ್ಲ. ‘ಕಾರಣ ಸ್ಪಷ್ಟವಿಲ್ಲ’ ಎಂದು ಬರೆದರು.

ಇಷ್ಟೂ ಹೊತ್ತು ಅಕ್ಕ ಮಂಚದ ಮೇಲೆ ಸೊಂಟ ಹಿಡಿದುಕೊಂಡು ನಗುತ್ತಿದ್ದಳು. ಎಲ್ಲರೂ ಹೋದ ಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು:

“ಶಿವಮೊಗ್ಗದ ಆಸ್ಪತ್ರೇಲಿ ನಿನ್ನ ಮಂಚದ ಪಕ್ಕ ನಾನು ಇಪ್ಪತ್ತೊಂದು ದಿನ ಮಲ್ಗಿದ್ದೆ. ಒಂದು ದಿನನೂ ಗಂಟೆ ಬಾರಿಸ್ಲಿಲ್ಲ.”

ಅದು ನಿಜ. ನನಗೆ ಎಂಟು ವರ್ಷವಿದ್ದಾಗ ಟೈಫಾಯ್ಡ್ ಬಂದಿತ್ತು. ಅಮ್ಮ ಬಾಣಂತಿ, ಅಪ್ಪನಿಗೆ ಆಸ್ಪತ್ರೆಯ ವಾಸನೆಗೇ ತಲೆ ತಿರುಗುತ್ತಿತ್ತು. ಜೊತೆಗೆ ಯಾರು ಎಂದು ಡಾಕ್ಟರು ಕೇಳಿದಾಗ ಹದಿನೆಂಟು ವರ್ಷದ ಅಕ್ಕ ಚಾಪೆ ಸುತ್ತಿಕೊಂಡು ಬಂದಳು. ಮೊದಲ ವಾರ ನನ್ನನ್ನು ನೋಡಿಕೊಂಡಳು. ಎರಡನೆಯ ವಾರದಿಂದ ವಾರ್ಡಿನ ಎಲ್ಲರನ್ನೂ ನೋಡಿಕೊಂಡಳು. ಮೂರನೆಯ ವಾರ ಅಲ್ಲಿಯ ನರ್ಸಮ್ಮ, ನೀನು ನರ್ಸಿಂಗ್ ಯಾಕೆ ಕಲಿಯಬಾರದು ಎಂದು ಕೇಳಿದರಂತೆ. ಅವಳು ನರ್ಸಾದದ್ದು ಹಾಗೆ. ಇಂಗ್ಲೆಂಡು ಆಮೇಲಿನದು.

ಉಗುರಿನ ದಿನ

ಅಲ್ಲಿ ಕೆಲವು ವಾರಕ್ಕೊಮ್ಮೆ ಕಾಲಿನ ಉಗುರು ಕತ್ತರಿಸಲು ಒಬ್ಬಾಕೆ ಬರುತ್ತಾಳೆ. ಅದೇ ಅವಳ ಕಸುಬು. ಅದಕ್ಕೆ ಓದು, ಪರೀಕ್ಷೆ, ಸರ್ಟಿಫಿಕೇಟು. ದೊಡ್ಡ ಕೋಣೆಯಲ್ಲಿ ಹನ್ನೊಂದು ಜನ ಅರ್ಧ ಸುತ್ತಿಗೆ ಕುಳಿತು ಬರಿಗಾಲನ್ನು ಸ್ಟೂಲಿನ ಮೇಲೆ ಇಟ್ಟಿದ್ದರು, ನಮ್ಮ ಅಕ್ಕನೂ ಸೇರಿ. ಇಂಥ ಅವಕಾಶ ಪರೀಕ್ಷಕನಿಗೆ ಮತ್ತೆ ಸಿಗುವುದಿಲ್ಲ. ಆಕೆಯ ಅನುಮತಿ ಕೇಳಿ ಹಿಂದೆಯೇ ಬಗ್ಗಿ ಬಗ್ಗಿ ನೋಡುತ್ತಾ ಹೋದೆ. ಒಂದು ಕೆಂಪು ಕಲೆ ಇಲ್ಲ. ಬಿರುಕಿಲ್ಲ. ಒಂದು ಹಿಮ್ಮಡಿಯಲ್ಲಿ ಹಳೆಯ ಹುಣ್ಣಿನ ಗುರುತು, ವಾಸಿಯಾಗಿತ್ತು. ನೀವೂ ಈ ಕೆಲಸದವರೋ ಎಂದು ಆಕೆ ಕೇಳಿದಳು. ಗೊರಸು ಎಂದೆ. ಆಕೆ ಗೌರವದಿಂದ ತಲೆಯಾಡಿಸಿದಳು.

ಯಾರು ಎಷ್ಟು ಕುಡಿದರು, ಎಷ್ಟು ಹೊರಗೆ ಹೋಯಿತು ಎಂಬ ಪಟ್ಟಿ ಪ್ರತಿ ಕೋಣೆಯಲ್ಲೂ ಇತ್ತು. ಅಕ್ಕನ ಫೈಲಿನಲ್ಲಿ, ಕರಡಿಗೆಯನ್ನು ಸ್ನಾನದ ಹೊತ್ತಿನಲ್ಲೂ ತೆಗೆಯಬಾರದು, ಮುಟ್ಟುವ ಮೊದಲು ಕೈ ತೊಳೆಯಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಇಷ್ಟಾದ ಮೇಲೆ ಹೋಲಿಸಲು ಏನಿದೆ? ನೀರು, ಸಗಣಿ, ಚರ್ಮ, ಕಿವಿ, ನಾಲ್ಕಕ್ಕೂ ಪೂರ್ತಿ ಅಂಕ. ಸಂಜೆ ಚಹಾ ಕುಡಿಯುವಾಗ ನೋಟ್‌ಬುಕ್ ತೆಗೆದು ಅಕ್ಕನಿಗೆ ಓದಿ ಹೇಳಿದೆ.

ಅವಳು ವಾರ್ಡಿನ ರೌಂಡಿಗೆ ಬಂದವಳ ಹಾಗೆ ಕೇಳಿದಳು. ಕೊಪ್ಪದ ನೀರಿನ ಬಾಟಲಿಗೆ ಹುಬ್ಬು ಗಂಟಿಕ್ಕಿದಳು. ಶೃಂಗೇರಿಯ ನಿದ್ದೆಗೆ “ಥೂ” ಎಂದಳು. ನರಸಿಂಹರಾಜಪುರಕ್ಕೆ ಬಂದಾಗ ನಿಲ್ಲಿಸಿದಳು.

“ಆ ಅಜ್ಜಿ ಎಂತ ಅಂತ ಬೈದ್ರು? ಇನ್ನೊಂದ್ಸಲ ಹೇಳು.”

ಹೇಳಿದೆ. ಅವಳು ನಕ್ಕಳು. ಬೇರೆ ಏನು ಬೈದರು, ಅಜ್ಜಿ ಯಾವ ಊರಿನವರು, ಎಲೆಅಡಿಕೆ ಕುಟ್ಟುವ ಒರಳು ಕಲ್ಲಿನದೋ ಹಿತ್ತಾಳೆಯದೋ ಎಂದೆಲ್ಲ ಕೇಳಿದಳು. ಅದನ್ನೆಲ್ಲ ನಾನು ಬರೆದುಕೊಂಡಿರಲಿಲ್ಲ.

“ಜೊತೆಗೆ ಯಾರಿರ್ತಾರೆ ಅಂತ ಕೇಳ್ಲಿಲ್ವಾ?”

“ಮೂರು ಕಡೆನೂ ಕೇಳಿದ್ರು.”

“ಎಂತ ಹೇಳ್ದೆ?”

“ನೋಡಿ ಹೇಳ್ತೀನಿ ಅಂದೆ.”

ಅವಳು ಹೊದಿಕೆಯ ಅಂಚನ್ನು ಎರಡು ಕೈಯಿಂದ ಸರಿ ಮಾಡಿದಳು, ಸುಕ್ಕು ಇಲ್ಲದಿದ್ದರೂ. ಇಲ್ಲೇ ಇರುವುದು ಒಳ್ಳೆಯದು ಎಂದು ನನಗೆ ಕಾಣುತ್ತದೆ ಎಂದೆ. “ಆಯ್ತು” ಎಂದಳು. ನಾನು ಹೋಗಿ ಲಿಂಡಾಗೂ ಹಾಗೆಯೇ ಹೇಳಿದೆ. ಇಬ್ಬರೂ ಮಾತಾಡಿದಿರಾ ಎಂದು ಅವರು ಕೇಳಿದರು. ಮಾತಾಡಿದೆವು ಎಂದೆ. ಫ್ಲ್ಯಾಟಿಗೆ ನಡೆದು ಬರುವಾಗ ಮೈ ಹಗುರವಾಗಿತ್ತು. ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು. ಅಕ್ಕನಿಗೆ ಒಳ್ಳೆಯ ಜಾಗ ಸಿಕ್ಕಿತು ಎಂಬ ಸಂತೋಷ ಎಷ್ಟು, ಚಾಪೆ ತಪ್ಪಿತು ಎಂಬ ಸಂತೋಷ ಎಷ್ಟು ಎಂದು ಅಳೆಯಲು ನನ್ನ ಹತ್ತಿರ ಪಟ್ಟಿಯಿರಲಿಲ್ಲ.

ಹೊರಡುವ ದಿನ

ಎರಡು ಗಂಟೆಗೆ ಟ್ಯಾಕ್ಸಿ ಹೇಳಿದ್ದೆ. ಊಟವಾದ ಮೇಲೆ ಗ್ರೇಸ್ ಅಕ್ಕನನ್ನು ಮಲಗಿಸಿ, ನೀಲಿ ಚಾಪೆ ಹಾಸಿ ಹೋದಳು. ನಾನು ಅದನ್ನು ತುಳಿಯದೆ ಸುತ್ತಿ ಹೋಗಿ ಅಕ್ಕನ ಕಾಲು ಮುಟ್ಟಿದೆ. ನಮ್ಮಲ್ಲಿ ಹೋಗ್ತೀನಿ ಎನ್ನಬಾರದು. ಬರ್ತೀನಿ ಅಕ್ಕ ಎಂದೆ. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ತಲೆಯಾಡಿಸಿ ಗೋಡೆಯ ಕಡೆ ಮುಖ ಮಾಡಿದಳು.

ಬಾಗಿಲ ಪುಸ್ತಕದಲ್ಲಿ ಹೋದ ಹೊತ್ತು ಬರೆಯುತ್ತಿದ್ದೆ. ಗಂಟೆ ಬಾರಿಸತೊಡಗಿತು. ಆ ಸದ್ದು ನನಗೆ ಈಗ ಪರಿಚಯ. ಗ್ರೇಸ್ ಓಡಿದಳು, ಅವಳ ಹಿಂದೆ ಇಬ್ಬರು, ಎಲ್ಲರ ಹಿಂದೆ ಚೀಲ ಹಿಡಿದು ನಾನು.

ಅಕ್ಕ ಬಿದ್ದಿರಲಿಲ್ಲ. ಚಾಪೆಯ ಮೇಲೆ ಎರಡೂ ಕಾಲೂರಿ, ಮೇಜು ಹಿಡಿದುಕೊಂಡು, ನೆಟ್ಟಗೆ ನಿಂತಿದ್ದಳು. ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದಳು. ಗ್ರೇಸ್ ತೋಳು ಕೊಟ್ಟು ಎಲ್ಲಿಗೆ ಎಂದು ಕೇಳಿದಳು. ಅಕ್ಕ ಉತ್ತರ ಕೊಟ್ಟದ್ದು ನನಗೆ.

“ಬಾಗ್ಲ ತನಕ. ಮನೆಗೆ ಬಂದೋರನ್ನ ಮಲ್ಕೊಂಡೇ ಕಳ್ಸೋಕಾಗುತ್ತಾ?”

“ಬಾಗ್ಲ ತನಕ ಮಾತ್ರನಾ ಅಕ್ಕ?”

ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಅದನ್ನು ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ.

“ಮೂರು ಊರು ನೋಡ್ದೆ, ಒಂದು ದೇಶ ನೋಡ್ದೆ. ಕಂಡೋರ ಹಿಮ್ಮಡಿ ಎಲ್ಲ ಬಗ್ಗಿ ನೋಡ್ದೆ. ನಿನ್ನ ಪುಸ್ತಕದಲ್ಲಿ ನನ್ನನ್ನ ಕೇಳಿದ್ದು ಯಾವ ಪುಟದಲ್ಲಿದೆ ಚಂದ್ರು?”

ಯಾವ ಪುಟದಲ್ಲೂ ಇರಲಿಲ್ಲ. ಹಸುವನ್ನು ಕೇಳುವ ಪದ್ಧತಿ ನಮ್ಮ ಇಲಾಖೆಯಲ್ಲಿಲ್ಲ. ಕಿವಿ ಎತ್ತ ತಿರುಗುತ್ತದೆ ಎಂದು ನೋಡಿ ಬರೆದುಕೊಂಡವನು, ಬೈಗುಳ ಕೇಳಿ ಅವಳು ನಕ್ಕದ್ದನ್ನು, ಒರಳು ಯಾವುದರದ್ದು ಎಂದು ಕೇಳಿದ್ದನ್ನು ಬರೆದುಕೊಂಡಿರಲಿಲ್ಲ. ಚೀಲ ಕೆಳಗಿಟ್ಟು ಕೇಳಿದೆ. ನಿನಗೆ ಎಲ್ಲಿ ಬೇಕು ಅಕ್ಕ?

“ಇಲ್ಲಿ ಎಲ್ಲಾ ಸರಿ ಇದೆ. ಗ್ರೇಸ್ ನನ್ನ ಮಗಳ ಹಾಗೆ. ಅವಳು ಕಲ್ತದ್ದು ಒಂದು ಮಾತು ಮಾರಾಯ, ದಿನಾ ಅದನ್ನೇ ಎಷ್ಟು ಸಲ ಕೇಳ್ಲಿ? ನಂಗೆ ಯಾರಾದ್ರೂ ಕನ್ನಡದಲ್ಲಿ ಸರಿಯಾಗಿ ಬೈಬೇಕು. ನಾನೂ ಬೈಬೇಕು.” ಆಮೇಲೆ ದನಿ ತಗ್ಗಿಸಿ ಹೇಳಿದಳು, “ನಿಂಗೆ ಕಷ್ಟ ಆದ್ರೆ ಬೇಡ.”

ಕಷ್ಟವೇ. ಆದರೂ ಅದನ್ನು ನಾನು ಅವಳಿಂದ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ಅಲ್ಲಿಯೇ ಅತ್ತುಬಿಟ್ಟೆ. ಲಿಂಡಾ ಫಾರಂ ಹಿಡಿದು ಬಂದಿದ್ದರು. ಬಿದ್ದರೇ ಎಂದು ಕೇಳಿದರು. ಇಲ್ಲ, ಎದ್ದರು ಎಂದಳು ಗ್ರೇಸ್. ಆ ಫಾರಮ್ಮಿನಲ್ಲಿ ಎದ್ದವರಿಗೆ ಕಾಲಂ ಇರಲಿಲ್ಲ. ಲಿಂಡಾ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, ಈ ಸಲ ನಿಜವಾಗಿ ಮಾತಾಡಿದಿರಾ ಎಂದು ಕೇಳಿದರು. ಮಾತಾಡಿದೆವು ಎಂದೆ. ಡಾಕ್ಟರು ನೋಡಿ ಪ್ರಯಾಣ ಮಾಡಬಹುದು ಎಂದು ಬರೆದುಕೊಡಬೇಕು, ಅದಕ್ಕೆ ಕೆಲವು ದಿನ ಬೇಕು ಎಂದರು. ಟ್ಯಾಕ್ಸಿಯನ್ನು ವಾಪಸು ಕಳಿಸಿದೆ. ಬಾಗಿಲ ಪುಸ್ತಕದಲ್ಲಿ ಹೋದ ಹೊತ್ತನ್ನು ಹೊಡೆದು ಹಾಕಿದೆ.

ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದ ಮೇಲೆ ಅವಳ ಮುಂದೆಯೇ ನರಸಿಂಹರಾಜಪುರಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಹಿಂದಿನಿಂದ ಫ್ಯಾನಿನ ಮಾತು, ಅದರ ಹಿಂದೆ ಅಜ್ಜಿಯ ದನಿ. ಅಕ್ಕನ ಮುಖ ಫೋನಿನ ಕಡೆ ತಿರುಗಿತು.

“ಮಂಚ ಇದೆ ಡಾಕ್ಟ್ರೇ. ಆದ್ರೆ ಆವತ್ತು ಕೇಳಿದ್ನಲ್ಲ, ಜೊತೆಗೆ ಯಾರಿರ್ತಾರೆ?” ಎಂದರು ಫಾತಿಮಾ ಸಿಸ್ಟರ್.

“ನಾನು.”

“ನೀವಾ? ಒಂದು ತಿಂಗ್ಳು ಪೂರ್ತಿ?”

“ಹೌದು. ಆಮೇಲೆ ನೋಡಾಣ.”

“ಹಂಗಾದ್ರೆ ಚಾಪೆ ನೀವೇ ತರ್ಬೇಕು. ನಮ್ಮಲ್ಲಿ ಕೊಡಲ್ಲ.”

ಅಕ್ಕ ಕುರ್ಚಿಯಿಂದ ಮುಂದೆ ಬಾಗಿದಳು.

“ಗಂಟೆ ಬಾರಿಸೂದನ್ನ ತರ್ಬೇಕಾ ಅಂತ ಕೇಳು” ಎಂದಳು.

ಕೇಳಿದೆ. ಸಾದಾದ್ದೇ ಸಾಕಂತೆ.